ಪಾವಗಡದಲ್ಲಿ ಹುಲಿ, ತುಮಕೂರಿನಲ್ಲಿ ಇಲಿ: ನಮ್ಮ ಕೂಲರ್‌ನ ಐದು ಬೇಸಿಗೆ

2021ರ ಮಾರ್ಚ್‌ನಲ್ಲಿ ಪಾವಗಡದ ಮನೆಗೆ ಒಂದು ಕೂಲರ್ ತಂದೆ. 55 ಲೀಟರ್ ಟ್ಯಾಂಕು, ಮೂರು ಕಡೆ ಹನಿಕೋಂಬ್ (ಜೇನುಗೂಡಿನ ಥರ ತೂತುಗಳಿರೋ) ಪ್ಯಾಡು, ಒಂಬತ್ತೂವರೆ ಸಾವಿರ ರೂಪಾಯಿ. ಮೂರು ಬೇಸಿಗೆ ಅಲ್ಲೇ ಓಡಿತು. ಆಮೇಲೆ ನನಗೆ ತುಮಕೂರಿಗೆ ವರ್ಗ ಆಯ್ತು. ಅಮ್ಮನೂ ಬಂದರು, ಕೂಲರೂ ಬಂತು. ಇಲ್ಲಿ ಎರಡು ಬೇಸಿಗೆ. ಕಂಪನಿ ಹೆಸರು ಹೇಳಲ್ಲ. ಯಾವುದು ತಗೊಂಡರೂ ಕಥೆ ಹೆಚ್ಚೂ ಕಮ್ಮಿ ಇದೇ.

ಮೊದಲು ಪಾವಗಡದ ಮಾತು. 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಮಾಡೋಕೆ ನಮ್ಮ ತಾಲ್ಲೂಕನ್ನೇ ಹುಡುಕಿಕೊಂಡು ಬಂದರು ಅಂದ ಮೇಲೆ ಅಲ್ಲಿನ ಬಿಸಿಲು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆರ್‌ಸಿಸಿ ಮನೆಯೊಳಗೆ ಫ್ಯಾನ್ ಹಾಕಿದರೆ ಒಲೆ ಊದಿದ ಹಾಗೆ. ಒಂದು ದಿನ ಕುತೂಹಲಕ್ಕೆ ಗೋಡೆ ಥರ್ಮಾಮೀಟರ್ ತೆಗೆದು ಅಳೆದೆ. ಕಿಟಕಿ ಹೊರಗೆ ನೆರಳಲ್ಲಿ 39 ಡಿಗ್ರಿ. ಕೂಲರ್ ಬಾಯಿ ಮುಂದೆ 27. ಹನ್ನೆರಡು ಡಿಗ್ರಿ ಇಳಿಕೆ! ಆವತ್ತು ಇಡೀ ಬೀದಿಗೆ ಹೇಳಿಕೊಂಡು ಬಂದೆ.

ತುಮಕೂರಿಗೆ ಬಂದ ಮೇಲೆ ಜೂನ್‌ನಲ್ಲಿ ಒಂದು ದಿನ ಅದೇ ಥರ್ಮಾಮೀಟರ್‌ನಲ್ಲಿ ಅಳೆದೆ. ಹೊರಗೆ 30, ಕೂಲರ್ ಮುಂದೆ 27. ಮೂರೇ ಡಿಗ್ರಿ. ಅದರ ಮೇಲೆ ಮೈಯೆಲ್ಲ ಅಂಟಂಟು, ಹಾಸಿಗೆ ತಣ್ಣಗೆ ಒದ್ದೆ ಆದ ಹಾಗೆ.

ಕೆಟ್ಟು ಹೋಗಿದೆ ಅಂತ ಮೆಕ್ಯಾನಿಕ್ ಕರೆಸಿದೆ. ಅವನು ಬಂದು ನೋಡಿ, 'ಸರ್, ಮಿಷನ್ ಚೆನ್ನಾಗಿದೆ, ಗಾಳಿ ಸರಿ ಇಲ್ಲ' ಅಂದು ಇನ್ನೂರು ರೂಪಾಯಿ ತಗೊಂಡು ಹೋದ. ಸರಿಯಾಗೇ ಹೇಳಿದ. ಕೂಲರ್‌ನಲ್ಲಿ ಗ್ಯಾಸ್ ಇಲ್ಲ, ಕಂಪ್ರೆಸರ್ ಇಲ್ಲ. ಒದ್ದೆ ಪ್ಯಾಡ್ ಮೂಲಕ ಗಾಳಿ ಎಳೆಯುತ್ತೆ, ನೀರು ಆವಿಯಾಗುತ್ತೆ, ಆವಿಯಾಗುವಾಗ ಗಾಳಿಯ ಶಾಖ ಹೀರುತ್ತೆ. ಮಣ್ಣಿನ ಮಡಕೆಯ ಲೆಕ್ಕವೇ. ಗಾಳಿ ಒಣಗಿದ್ದರೆ ನೀರು ಬೇಗ ಆವಿಯಾಗುತ್ತೆ. ಗಾಳಿಯಲ್ಲೇ ತೇವ ಇದ್ದರೆ ಅದು ಇನ್ನೆಷ್ಟು ಕುಡಿಯುತ್ತೆ? ಮಳೆಗಾಲದಲ್ಲಿ ಮಡಕೆ ನೀರೂ ಅಷ್ಟೊಂದು ತಣ್ಣಗಿರಲ್ಲ, ಅಲ್ವಾ?

ಹಾಗಂತ ತುಮಕೂರಿನಲ್ಲಿ ಪೂರ್ತಿ ದಂಡ ಅಂತಲ್ಲ. ಮಾರ್ಚ್‌ನಿಂದ ಏಪ್ರಿಲ್ ಮೂರನೇ ವಾರದ ತನಕ ಚೆನ್ನಾಗೇ ಕೆಲಸ ಮಾಡುತ್ತೆ. ಭರಣಿ ಮಳೆ ಒಂದೆರಡು ಬಿತ್ತು ಅಂದರೆ ಅದರ ಆಟ ಮುಗೀತು. ಇನ್ನೊಂದು ತಪ್ಪು ನಮ್ಮ ಮನೆಯದ್ದು. ಪಾವಗಡದ ಮನೆಯಲ್ಲಿ ಎದುರು ಬದುರು ಕಿಟಕಿ. ಒಂದರಲ್ಲಿ ಕೂಲರ್ ಕೂರಿಸಿ ಇನ್ನೊಂದು ತೆಗೆದಿಟ್ಟರೆ ತೇವದ ಗಾಳಿ ಹೊರಗೆ ಹೋಗುತ್ತಿತ್ತು. ಇಲ್ಲಿನ ಬಾಡಿಗೆ ಮನೆಯಲ್ಲಿ ಒಂದೇ ಕಡೆ ಕಿಟಕಿ. ಹೆಂಡತಿ ಎಸಿ ಥರ ಬಾಗಿಲು ಹಾಕಿ ಓಡಿಸುತ್ತಿದ್ದಳು, ನಾನೂ ಸುಮ್ನೆ ಇದ್ದೆ. ಒಂದು ವಾರಕ್ಕೆ ಸಂಡಿಗೆ ಡಬ್ಬದೊಳಗೆ ಸಂಡಿಗೆ ಮೆತ್ತಗಾಗಿತ್ತು. ಉಪ್ಪು ನೀರೊಡೆದಿತ್ತು. ಬೀರುವಿನ ಬಾಗಿಲು ಉಬ್ಬಿ ಹಾಕೋಕೆ ಬರುತ್ತಿರಲಿಲ್ಲ. ಕೂಲರ್ ಹಾಕಿದರೆ ಕಿಟಕಿ ತೆಗೆಯಲೇಬೇಕು. ಅಂಗಡಿಯವರು ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಕರೆಂಟ್ ವಿಷಯದಲ್ಲಿ ದೂರಿಲ್ಲ. ನಮ್ಮದು 190 ವ್ಯಾಟ್. ಎಂಟು ಗಂಟೆ ಓಡಿಸಿದರೆ ಒಂದೂವರೆ ಯೂನಿಟ್. ಒಂದೂವರೆ ಟನ್ ಎಸಿ ಒಂದೇ ಗಂಟೆಯಲ್ಲಿ ಹತ್ತಿರ ಹತ್ತಿರ ಅಷ್ಟು ತಿನ್ನಬಹುದು. ಕರೆಂಟ್ ಹೋದರೆ ಇನ್ವರ್ಟರ್ ಮೇಲೂ ಓಡುತ್ತೆ, ಸ್ವಲ್ಪ ಗುಂಯ್ ಅನ್ನುತ್ತೆ ಅಷ್ಟೇ. ಆದರೆ ಗೃಹಜ್ಯೋತಿ ಇದೆ, 200 ಯೂನಿಟ್ ಫ್ರೀ ಅಂದುಕೊಂಡು ಹಗಲೂ ರಾತ್ರಿ ಹಾಕಬೇಡಿ. ನಮಗೆ ಅಲ್ಲಿ ಫ್ರೀ ಸಿಗೋದು ಹಳೇ ತಿಂಗಳ ಸರಾಸರಿ, ಅದರ ಮೇಲೆ ಶೇ. 10 ಅಷ್ಟೇ. ದಿನಕ್ಕೆ ಎಂಟು ಗಂಟೆ ಹಾಕಿದರೂ ತಿಂಗಳಿಗೆ 45 ಯೂನಿಟ್ ಜಾಸ್ತಿ, ಬಿಲ್‌ನಲ್ಲಿ ಎದ್ದು ಕಾಣುತ್ತೆ.

ನಿಜವಾದ ಖರ್ಚು ನೀರಿಂದು. ಪಾವಗಡದ ಬೇಸಿಗೆಯಲ್ಲಿ ಗಂಟೆಗೆ ನಾಲ್ಕೈದು ಲೀಟರ್ ಕುಡಿಯುತ್ತಿತ್ತು. ಅಂದರೆ ಮೂರು ಗಂಟೆಗೆ ಒಂದು ಕೊಡ. ನೀರಿಗೆ ಕೊಡ ಹಿಡಿದು ನಿಂತ ಊರಲ್ಲಿ ಇದು ಸಣ್ಣ ಮಾತಲ್ಲ. ಬೋರ್ ನೀರು ಹಾಕೋಣ ಅಂದರೆ ಅದು ಗಡಸು ನೀರು. ನೀರು ಆವಿಯಾಗಿ ಹೋಗುತ್ತೆ, ಸುಣ್ಣ ಪ್ಯಾಡ್‌ನಲ್ಲೇ ಉಳಿಯುತ್ತೆ. ಎರಡನೇ ಬೇಸಿಗೆ ಮುಗಿಯೋ ಹೊತ್ತಿಗೆ ಕಂದು ಪ್ಯಾಡು ಬಿಳಿ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಒತ್ತಿದರೆ ಹುರಿದ ಹಪ್ಪಳದ ಹಾಗೆ ಪುಡಿ ಪುಡಿ. ಸಣ್ಣ ತೂತುಗಳೆಲ್ಲ ಮುಚ್ಚಿ ಗಾಳಿಯೇ ಬರುತ್ತಿರಲಿಲ್ಲ. ಹೊಸ ಸೆಟ್ಟಿಗೆ ಸಾವಿರದ ನಾನೂರು ಬಿತ್ತು.

ಆಮೇಲೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಸುರಿಯೋಕೆ ಶುರು ಮಾಡಿದೆ. ಮೂರನೇ ದಿನ ಅಮ್ಮ ನೋಡಿದರು. 'ಕುಡಿಯೋ ನೀರ್ನ ಮಿಷನ್ನಿಗೆ ಕುಡುಸ್ತೀಯೇನೋ?' ಅಂದರು, ಅಷ್ಟೇ. ಮತ್ತೆ ತರಲಿಲ್ಲ. ಫ್ಲೋರೈಡ್ ನೀರು ಕುಡಿದು ಮಂಡಿ ಹಿಡಿದವರ ಜೊತೆ ಬೆಳೆದವರು ಅವರು.

ಕೊನೆಗೆ ದಾರಿ ಸಿಕ್ಕಿದ್ದು ಇದು. ಬೋರ್ ನೀರನ್ನೇ ಹಾಕೋದು, ಆದರೆ ಟ್ಯಾಂಕಿಗೆ ಮೇಲೆ ಮೇಲೆ ತುಂಬಿಸುತ್ತಾ ಹೋಗಬಾರದು. ಎರಡು ದಿನಕ್ಕೊಮ್ಮೆ ತಳದ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡಬೇಕು. ಆ ನೀರು ಉಪ್ಪು, ಗಿಡಕ್ಕೆ ಬೇಡ, ಬಚ್ಚಲು ತೊಳೆಯೋಕೆ ಆಗುತ್ತೆ. ತಿಂಗಳಿಗೊಮ್ಮೆ ಬಕೆಟ್ ನೀರಿಗೆ ಎರಡು ಹಿಡಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಪ್ಯಾಡ್ ನೆನೆಸಿ ತೊಳೆಯಬೇಕು. ಪಂಪ್‌ನ ಮೂತಿಯನ್ನು ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಬೇಕು. ಹೀಗೆ ಮಾಡಿದ ಎರಡನೇ ಸೆಟ್ ಇನ್ನೂ ಇದೆ. ಪಂಪ್ ಮಾತ್ರ ಒಂದು ಸಲ ಸುಟ್ಟಿತು. ತಪ್ಪು ನಂದೇ. ನೀರು ಖಾಲಿ ಆಗಿದ್ದು ನೋಡದೆ ಮಲಗಿಬಿಟ್ಟಿದ್ದೆ. 350 ರೂಪಾಯಿ.

ಖಾಲಿ ಮಾಡೋದಕ್ಕೆ ಇನ್ನೊಂದು ಕಾರಣವೂ ಇದೆ. 2024ರ ಜೂನ್ ಕೊನೆಗೆ ತುಮಕೂರಿನಲ್ಲಿ ಕೂಲರ್ ಬಳಸದೆ ಹಾಗೇ ಬಿಟ್ಟಿದ್ದೆವು. ಲಾರ್ವಾ ನೋಡೋಕೆ ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು, 'ಇದೇನ್ ಸರ್, ಸಾಕ್ತಿದೀರಾ?' ಅಂದರು. ತಳದ ಎರಡಿಂಚು ನೀರಲ್ಲಿ ಸೊಳ್ಳೆ ಮರಿಗಳು ಬಳುಕುತ್ತಿದ್ದವು. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರೋಕೆ ವಾರ ಹತ್ತು ದಿನ ಸಾಕು. ಅದೇ ವರ್ಷ ಸರ್ಕಾರ ದಂಡದ ನಿಯಮವನ್ನೂ ತಂದಿತು. ನಾವು ಬೈಗುಳದಲ್ಲೇ ಪಾರಾದೆವು.

ಐಸ್ ಹಾಕಿದರೆ ಜಾಸ್ತಿ ತಣ್ಣಗಾಗುತ್ತಾ ಅಂತ ಎಲ್ಲರೂ ಕೇಳ್ತಾರೆ. ಹತ್ತು ನಿಮಿಷದ ಖುಷಿ. ಒಂದು ಲೀಟರ್ ನೀರು ಆವಿಯಾಗುವಾಗ ಹೀರುವ ಶಾಖ, ಒಂದು ಕೆಜಿ ಐಸ್ ಕರಗುವಾಗ ಹೀರುವುದರ ಸುಮಾರು ಏಳು ಪಟ್ಟು. ಫ್ರಿಜ್‌ಗೆ ಸುಮ್ನೆ ಕಷ್ಟ ಕೊಡಬೇಡಿ. ಕೂಲರ್‌ಗೆ ಸದ್ದು ಇದೆ, ಮೂರನೇ ಸ್ಪೀಡಿನಲ್ಲಿ ಟಿವಿ ಕೇಳಲ್ಲ. ಪಕ್ಕದ ರೂಮಿಗೆ ತಳ್ಳಿಕೊಂಡು ಹೋಗಬಹುದು, ಟ್ಯಾಂಕ್ ತುಂಬಿದ್ದರೆ ಹೊಸ್ತಿಲು ದಾಟಿಸೋಕೆ ಇಬ್ಬರು ಬೇಕು.

ಈ ಬೇಸಿಗೆಗೆ ಅಮ್ಮ ಪಾವಗಡಕ್ಕೆ ಹೊರಟಿದ್ದಾರೆ. ಇಲ್ಲಿನ ಸೆಕೆಗಿಂತ ಅಲ್ಲಿನ ಬಿಸಿಲೇ ವಾಸಿಯಂತೆ. ಲಗೇಜ್ ಆಟೋದಲ್ಲಿ ಕೂಲರೂ ಹೋಗುತ್ತೆ, ಭಾನುವಾರ ಪ್ಯಾಡ್ ತೊಳೆದು ಬಿಸಿಲಿಗಿಟ್ಟಿದ್ದೇನೆ. ತುಮಕೂರಿನ ಮನೆಗೆ ಸದ್ಯಕ್ಕೆ ಫ್ಯಾನೇ.