ಆಲ್ಗಾರಿದಂ ಫೀಡ್, ಕಾಲಕ್ರಮದ ಫೀಡ್, ನೇರ ಸಂದೇಶ: ಬಳಸಿ ನೋಡಿದ ಮೇಲೆ

ಒಂದೇ ಇನ್‌ಸ್ಟಾಗ್ರಾಮ್ ಖಾತೆಯನ್ನು ಮೊದಲು ಆಲ್ಗಾರಿದಂ (ಯಾವುದನ್ನು ಮೊದಲು ತೋರಿಸಬೇಕೆಂದು ಲೆಕ್ಕಹಾಕುವ ಸೂತ್ರ) ಜೋಡಿಸಿಕೊಡುವ ಫೀಡ್‌ನಲ್ಲಿಯೂ, ಅಂದರೆ ಪೋಸ್ಟ್‌ಗಳ ಸಾಲಿನಲ್ಲಿಯೂ, ಅನಂತರ ನಾವು ಹಿಂಬಾಲಿಸುವವರ ಪೋಸ್ಟ್‌ಗಳು ಹೊಸತರಿಂದ ಹಳತಕ್ಕೆ ಬರುವ ‘ಫಾಲೋಯಿಂಗ್’ ಎಂಬ ಕಾಲಕ್ರಮದ ಫೀಡ್‌ನಲ್ಲಿಯೂ ಸಾಕಷ್ಟು ಕಾಲ ಬಳಸಿದ್ದೇನೆ. ಇವುಗಳ ಪಕ್ಕದಲ್ಲಿ ವಾಟ್ಸ್‌ಆ್ಯಪ್‌ನ ನೇರ ಸಂದೇಶವನ್ನೂ ಇಟ್ಟು ನೋಡಿದೆ. ಇರುವ ಸ್ನೇಹವನ್ನು ಯಾವುದು ಉಳಿಸುತ್ತದೆ ಎಂಬುದೇ ನನ್ನ ಅಳತೆಗೋಲು.

ಇನ್‌ಸ್ಟಾಗ್ರಾಮ್ 2016ರಲ್ಲಿ ಕಾಲಕ್ರಮವನ್ನು ಬಿಟ್ಟು, ಬಳಕೆದಾರರ ಆಸಕ್ತಿಯನ್ನು ಊಹಿಸಿ ಪೋಸ್ಟ್‌ಗಳನ್ನು ಜೋಡಿಸತೊಡಗಿತು. ಈ ಫೀಡ್ ಬೇಸರ ತರಿಸುವುದಿಲ್ಲ, ಹೊಸ ವಿಷಯಗಳನ್ನು ಹುಡುಕಿಕೊಡುವುದರಲ್ಲಿ ಇದಕ್ಕೆ ಸಾಟಿಯೂ ಇಲ್ಲ. ಆದರೆ ನಮ್ಮ ಲೈಕ್, ಕಮೆಂಟ್ ಮತ್ತು ನೋಡುತ್ತ ಕಳೆದ ಹೊತ್ತನ್ನೇ ಅದು ಆಧರಿಸುವುದರಿಂದ, ಅಪರೂಪಕ್ಕೊಮ್ಮೆ ಸಾಧಾರಣ ಚಿತ್ರವೊಂದನ್ನು ಹಾಕುವ ಹಳೆಯ ಗೆಳೆಯ ಕಣ್ಣಿಗೆ ಬೀಳುವುದೇ ಕಷ್ಟ. ಕಾಣದ್ದಕ್ಕೆ ನಾವು ಪ್ರತಿಕ್ರಿಯಿಸುವುದಿಲ್ಲ, ಪ್ರತಿಕ್ರಿಯಿಸದ ಕಾರಣ ಅವನು ಇನ್ನಷ್ಟು ಹಿಂದೆ ಸರಿಯುತ್ತಾನೆ. ನನ್ನ ಬರವಣಿಗೆಯ ಮೇಲೂ ಇದರ ಪ್ರಭಾವ ಬಿತ್ತು. ಹೆಚ್ಚು ಜನರನ್ನು ತಲುಪಿದ ಪೋಸ್ಟಿನ ಧಾಟಿಯಲ್ಲೇ ಮುಂದಿನದನ್ನೂ ಬರೆಯುವ, ಅದಕ್ಕೆ ತುಸು ಖಾರ ಬೆರೆಸುವ ಚಾಳಿ ಅಂಟಿತು. 2021ರಲ್ಲಿ ಬಂದ, ಲೈಕ್‌ಗಳ ಎಣಿಕೆಯನ್ನು ಮರೆಮಾಡುವ ಆಯ್ಕೆಯಿಂದ ಪ್ರಯೋಜನವಾಗಲಿಲ್ಲ. ಅದು ಇತರರಿಂದ ಮರೆಮಾಡುತ್ತದೆಯೇ ಹೊರತು ಬರೆದವನಿಂದಲ್ಲ.

2022ರಲ್ಲಿ ಮರಳಿದ ಕಾಲಕ್ರಮದ ಫೀಡ್‌ಗೆ ಒಂದು ಕೊನೆಯಿದೆ. ಹಿಂದಿನ ಸಲ ನೋಡಿದ್ದ ಪೋಸ್ಟ್ ಎದುರಾದೊಡನೆ ಫೋನ್ ಕೆಳಗಿಡುವುದು ಸುಲಭವಾಗುತ್ತದೆ. ಮರೆತೇಹೋಗಿದ್ದ ಕೆಲವರು ಇಲ್ಲಿ ಮತ್ತೆ ಕಂಡರು. ಹಾಗೆಂದು ಇದು ಎಲ್ಲಕ್ಕೂ ಮದ್ದಲ್ಲ: ದಿನವಿಡೀ ಪೋಸ್ಟ್ ಹಾಕುವವರದೇ ಇಲ್ಲಿ ದರ್ಬಾರು. 2020ರ ಅಮೆರಿಕದ ಚುನಾವಣೆಯ ವೇಳೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಬಳಕೆದಾರರ ಮೇಲೆ ನಡೆದು, 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಕಾಲಕ್ರಮದ ಫೀಡ್ ಪಡೆದವರು ಅಲ್ಲಿ ಕಳೆಯುವ ಸಮಯ ಕಡಿಮೆಯಾಯಿತು. ಆದರೆ ಅವರಿಗೆ ರಾಜಕೀಯ ಪೋಸ್ಟ್‌ಗಳೂ ನಂಬಲರ್ಹವಲ್ಲದ ಮೂಲಗಳ ವಿಷಯಗಳೂ ಹೆಚ್ಚಾಗಿ ಕಂಡವು, ರಾಜಕೀಯ ಧ್ರುವೀಕರಣವಂತೂ ಗಮನಾರ್ಹವಾಗಿ ಬದಲಾಗಲಿಲ್ಲ.

ನೇರ ಸಂದೇಶದಲ್ಲಿ ಮೆಚ್ಚಿಸಬೇಕಾದ ಸಭೆಯಿಲ್ಲ, ಆದ್ದರಿಂದ ಮಾತು ಸಹಜವಾಗಿರುತ್ತದೆ. ನೀಲಿ ಟಿಕ್ ಹುಟ್ಟಿಸುವ ಒತ್ತಡ ಮಾತ್ರ ಇದರ ಜೊತೆಗೇ ಬರುತ್ತದೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದ್ದೇನೆ. ಗ್ರೂಪ್‌ಗಳನ್ನು ಈ ಲೆಕ್ಕಕ್ಕೆ ಸೇರಿಸಲಾರೆ, ಏಕೆಂದರೆ 1,024 ಜನರವರೆಗೆ ಸೇರಬಹುದಾದ ಕಡೆ ಮತ್ತೆ ಸಭೆಯೇ ಕೂಡುತ್ತದೆ.

ಸ್ನೇಹದ ಮಟ್ಟಿಗೆ ನನ್ನ ಮತ ನೇರ ಸಂದೇಶಕ್ಕೆ, ಎರಡನೆಯ ಸ್ಥಾನ ಕಾಲಕ್ರಮದ ಫೀಡ್‌ಗೆ. ಈಗ ಎರಡನ್ನೂ ಜೋಡಿಸಿಕೊಂಡಿದ್ದೇನೆ: ಫೀಡ್‌ನಲ್ಲಿ ಆಪ್ತರ ಸುದ್ದಿ ಕಂಡರೆ ಲೈಕ್ ಒತ್ತದೆ, ಅವರಿಗೇ ಎರಡು ಸಾಲು ಬರೆಯುತ್ತೇನೆ.