ರೋಟರಿ ಕ್ಲಬ್ ಸದಸ್ಯತ್ವ: ನಾಲ್ಕು ವರ್ಷಗಳ ನಂತರ ಒಂದು ವಿಮರ್ಶೆ

ಮಲೆನಾಡಿನ ನಮ್ಮ ತಾಲ್ಲೂಕು ಕೇಂದ್ರದ ರೋಟರಿ ಕ್ಲಬ್ಬಿಗೆ ನಾನು ಸೇರಿ ನಾಲ್ಕು ವರ್ಷಗಳಾದವು. ದಂತವೈದ್ಯನಾಗಿ ಈ ಊರಿಗೆ ಬಂದ ನನಗೆ ರೋಗಿಗಳ ಪರಿಚಯವಿತ್ತೇ ಹೊರತು ಸ್ನೇಹಿತರಿರಲಿಲ್ಲ. ಸೇರಬಹುದೇ ಎಂದು ಈಚೆಗೆ ಹಲವರು ಕೇಳುತ್ತಿರುವುದರಿಂದ, ಕೊಟ್ಟ ಹಣಕ್ಕೂ ಸಮಯಕ್ಕೂ ಅಲ್ಲಿ ಏನು ಸಿಗುತ್ತದೆ ಎಂಬುದನ್ನು ಬರೆಯುತ್ತಿದ್ದೇನೆ.

ರೋಟರಿ ಹುಟ್ಟಿದ್ದೂ ಇಂಥದೇ ಒಂಟಿತನದಿಂದ. ಷಿಕಾಗೋದಲ್ಲಿ ವಕೀಲರಾಗಿದ್ದ ಪಾಲ್ ಹ್ಯಾರಿಸ್ 1905ರ ಫೆಬ್ರವರಿ 23ರಂದು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್ ಮತ್ತು ಒಬ್ಬ ದರ್ಜಿಯೊಡನೆ ಮೊದಲ ಸಭೆ ನಡೆಸಿದರು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಒಂದು ವೃತ್ತಿಗೆ ಒಬ್ಬರೇ ಸದಸ್ಯರು ಎಂಬ ಆಗಿನ ಕಟ್ಟುಪಾಡು ಈಗ ಸಡಿಲವಾಗಿದೆ. ಆದರೂ ಬೇರೆ ಬೇರೆ ಕಸುಬಿನವರು ಜೊತೆಗೆ ಕೂರಬೇಕೆಂಬ ಆಶಯ ಉಳಿದಿದೆ, ಮತ್ತು ನನ್ನ ದೃಷ್ಟಿಯಲ್ಲಿ ಸದಸ್ಯತ್ವದ ಬೆಲೆಯೆಲ್ಲ ಅದರಲ್ಲೇ ಇದೆ.

ಜನವರಿ ತಿಂಗಳು ರೋಟರಿಯಲ್ಲಿ ವೃತ್ತಿ ಸೇವೆಗೆ ಮೀಸಲು. ಎರಡು ವರ್ಷಗಳ ಹಿಂದಿನ ಜನವರಿಯಲ್ಲಿ ನಮ್ಮ ಅಡಿಕೆ ಮಂಡಿಯ ಸದಸ್ಯರೊಬ್ಬರು ಭಾಷಣದ ಬದಲು ನಾಲ್ಕು ಚೀಲ ತಂದು, ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ಅಡಿಕೆಯ ನಾಲ್ಕು ದರ್ಜೆಗಳನ್ನು ಮೇಜಿನ ಮೇಲೆ ಬೇರೆ ಬೇರೆ ಸುರಿದರು. ಅಡಿಕೆ ಬೇಯಿಸಿದ ಕಷಾಯವಾದ ಚೊಗರಿನ ಬಣ್ಣಕ್ಕೆ ಮರುಳಾಗಬಾರದು ಎನ್ನುತ್ತ ಅಡಕತ್ತರಿಯಿಂದ ಒಂದೊಂದನ್ನೇ ಕತ್ತರಿಸಿ ಒಳಗನ್ನು ತೋರಿಸಿದರು. ಚೀಲದ ಬಾಯಲ್ಲಿ ಇರುವುದೇ ತಳದಲ್ಲೂ ಇರುತ್ತದೆಂದು ನಂಬದೆ ಮೊಣಕೈವರೆಗೆ ಕೈ ಇಳಿಸಿ ಮಾದರಿ ತೆಗೆಯುವ ಅವರ ಕ್ರಮವನ್ನು ನೋಡುತ್ತಿದ್ದ ಬ್ಯಾಂಕ್ ವ್ಯವಸ್ಥಾಪಕರು, ಸಾಲದ ಅರ್ಜಿಗಳನ್ನೂ ಹೀಗೆಯೇ ನೋಡಬೇಕಿತ್ತು ಎಂದರು.

ಮುಂದಿನ ಸಭೆಯಲ್ಲಿ ಮಾತನಾಡುವ ಸರದಿ ನನ್ನದಾಗಿತ್ತು. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದೆ. ಅದನ್ನು ಅಡಿಕೆಯಿಂದಲೇ ಬದುಕುವ ಊರಿನಲ್ಲಿ, ಹಿಂದಿನ ವಾರವಷ್ಟೇ ಚಪ್ಪಾಳೆ ಪಡೆದ ಗೆಳೆಯನ ಎದುರು ಹೇಳುವುದು ಹೇಗೆ? ಸಭಾಂಗಣದ ಗೋಡೆಯ ಮೇಲೆ ರೋಟರಿ ಸದಸ್ಯ ಹರ್ಬರ್ಟ್ ಟೇಲರ್ 1932ರಲ್ಲಿ ರೂಪಿಸಿದ, ನಮ್ಮ ನಡೆನುಡಿಯನ್ನು ಒರೆಗೆ ಹಚ್ಚುವ ನಾಲ್ಕು ಪ್ರಶ್ನೆಗಳ ಫಲಕವಿದೆ. ‘ಇದು ಸತ್ಯವೇ?’ ಎಂಬುದಕ್ಕೆ ನನ್ನ ಬಳಿ ಉತ್ತರವಿತ್ತು, ‘ಸಂಬಂಧಪಟ್ಟ ಎಲ್ಲರಿಗೂ ನ್ಯಾಯಯುತವೇ?’ ಎಂಬಲ್ಲಿ ತಡವರಿಸಿದೆ. ಕೊನೆಗೆ, ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಾಕಿ ನೋಡಿ ಎಂದಷ್ಟೇ ಹೇಳಿದೆ. ಎಲ್ಲರೂ ನಗುತ್ತಲೇ ಪ್ರಯತ್ನಿಸಿದರು. ಒಬ್ಬ ಹಿರಿಯ ಸದಸ್ಯರಿಗೆ ಎರಡನೆಯ ಬೆರಳಿಗೇ ಬಾಯಿ ಬಿಗಿಯಿತು, ನಗು ನಿಂತಿತು. ದಿನವಿಡೀ ಅಡಿಕೆ ಅಗಿಯುವವರಲ್ಲಿ ಬಾಯಿಯ ಒಳಪದರ ನಾರುಗಟ್ಟಿ ಹೀಗಾಗುತ್ತದೆ ಎಂದು ಆಮೇಲೆ ವಿವರಿಸಿದೆ.

ಮರುದಿನ ಆ ಹಿರಿಯರನ್ನು ನನ್ನ ಆಸ್ಪತ್ರೆಗೆ ಕರೆತಂದವರು ಮಂಡಿಯ ಗೆಳೆಯರೇ. ಆ ತಿಂಗಳಲ್ಲೇ ತಮ್ಮ ತೂಕದ ಕಟ್ಟೆಯನ್ನು ತೆರವು ಮಾಡಿಕೊಟ್ಟು, ಹಮಾಲರ ಬಾಯಿ ತಪಾಸಣೆಗೆ ವ್ಯವಸ್ಥೆ ಮಾಡಿದರು. ವಿದ್ಯುತ್ ಗುತ್ತಿಗೆದಾರ ಸದಸ್ಯರು ದೀಪ ಕಟ್ಟಿಸಿದರು. “ಡಾಕ್ಟ್ರೇ, ನನ್ನ ಮಂಡಿ ಮುಚ್ಚಿಸಬೇಡಿ” ಎಂದು ಅವರು ಇವತ್ತಿಗೂ ಛೇಡಿಸುತ್ತಾರೆ, ಮತ್ತು ನನ್ನ ತೆರಿಗೆ ಲೆಕ್ಕದಲ್ಲಿ ಗೊಂದಲವಾದಾಗ ಸದಸ್ಯ ಲೆಕ್ಕಪರಿಶೋಧಕರ ಮನೆಗೆ ನನ್ನನ್ನು ಕರೆದೊಯ್ಯುವವರೂ ಅವರೇ.

ಕೊರತೆಗಳೂ ಇವೆ. ಸಭೆ ಹೇಳಿದ ಹೊತ್ತಿಗೆ ಆರಂಭವಾದ ನೆನಪಿಲ್ಲ. ಜುಲೈನ ಪದಗ್ರಹಣ ಸಮಾರಂಭದಲ್ಲಿ ಶಾಲು, ಹಾರ, ಛಾಯಾಚಿತ್ರಗಳ ನಡುವೆ ಉಪ್ಪಿಟ್ಟು ಆರಿಹೋಗುತ್ತದೆ. ಸ್ನೇಹದ ಹೆಸರಿನಲ್ಲಿ ವಿಮೆಯ ಪಾಲಿಸಿ ಮಾರಲು ಬಂದವರೂ ಇದ್ದರು, ಅವರು ಹೆಚ್ಚು ದಿನ ನಿಲ್ಲಲಿಲ್ಲ. ಮಹಿಳೆಯರಿಗೆ ವಿಶ್ವದಾದ್ಯಂತ ಬಾಗಿಲು ತೆರೆದದ್ದು 1989ರಲ್ಲಿ. ನಮ್ಮಲ್ಲಿ ಇಂದಿಗೂ ಅವರ ಸಂಖ್ಯೆ ಬೆರಳೆಣಿಕೆಯಷ್ಟೇ. ವಾರ್ಷಿಕ ಶುಲ್ಕದ ಒಂದು ಭಾಗ ಅಂತಾರಾಷ್ಟ್ರೀಯ ಸಂಸ್ಥೆಗೆ ಹೋಗುತ್ತದೆ, ಸ್ಥಳೀಯ ಕಾರ್ಯಕ್ರಮಗಳಿಗೆ ಬೇರೆಯಾಗಿ ಕೈಯಿಂದ ಹಾಕಬೇಕಾಗುತ್ತದೆ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಅರ್ಜಿ ತುಂಬುವ ಮೊದಲು ಅತಿಥಿಯಾಗಿ ಎರಡು ಮೂರು ಸಭೆಗಳಿಗೆ ಹೋಗಿ ಕುಳಿತು ನೋಡಿ. ಸದಸ್ಯರು ತಮ್ಮ ಕಸುಬಿನ ಬಗ್ಗೆ ಮಾತನಾಡುವ ಹೊತ್ತಿಗಿಂತ ಶಾಲು ಹೊದಿಸುವ ಹೊತ್ತೇ ಹೆಚ್ಚಾಗಿದ್ದರೆ, ಪಕ್ಕದ ಊರಿನ ಕ್ಲಬ್ಬನ್ನು ವಿಚಾರಿಸಬಹುದು.