ಇಂಪ್ಲಾಂಟ್‌ಗೆ ಒಪ್ಪುವ ಮೊದಲು ಕೆಳದವಡೆಯ ನರದ ಬಗ್ಗೆ ಕೇಳಿ

ಕೆಳದವಡೆಗೆ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ಮೂಳೆಯೊಳಗೆ ಕೂರಿಸುವ ಲೋಹದ ಸ್ಕ್ರೂ, ಹಾಕಿಸಿಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ಅರಿವಳಿಕೆ ಇಳಿಯಬೇಕಾದ ಹೊತ್ತು ಕಳೆದರೂ ತುಟಿ ಮತ್ತು ಗದ್ದ ಮರಗಟ್ಟಿಯೇ ಇದ್ದರೆ ಆಗಲೇ ವೈದ್ಯರಿಗೆ ಫೋನ್ ಮಾಡಿ. ಮುಂದಿನ ತಪಾಸಣೆಯವರೆಗೆ ಕಾಯಬೇಡಿ. ನನಗೆ ಕಾಯಲು ಹೇಳಿದರು. ಎಡಗಡೆಯ ಅರ್ಧ ತುಟಿಯಲ್ಲಿ ಇಂದಿಗೂ ಸರಿಯಾದ ಸ್ಪರ್ಶವಿಲ್ಲ.

ಕೆಳದವಡೆಯ ಮೂಳೆಯೊಳಗೆ, ದವಡೆ ಹಲ್ಲುಗಳ ಬೇರಿನ ಕೆಳಗೆ ಒಂದು ಕಾಲುವೆಯಿದೆ. ಅದರೊಳಗೆ ಹಾದುಬರುವ ನರವೇ ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವುದು. ಇಂಪ್ಲಾಂಟ್ ಕೂರಿಸಲು ಮೂಳೆ ಕೊರೆಯುವಾಗ ಆ ಕಾಲುವೆಗೂ ಇಂಪ್ಲಾಂಟ್‌ನ ತುದಿಗೂ ನಡುವೆ ಕನಿಷ್ಠ 2 ಮಿಲಿಮೀಟರ್ ಅಂತರ ಬಿಡಬೇಕೆಂಬುದು ಸಾಮಾನ್ಯ ನಿಯಮ. ನನಗೆ ತೆಗೆದದ್ದು ಬಾಯೊಳಗೆ ಇಡುವ ಸಣ್ಣ ಎಕ್ಸ್‌ರೇ ಮಾತ್ರ. ಅದು ಚಪ್ಪಟೆ ಚಿತ್ರ. ಮೂಳೆ ಎಷ್ಟು ಅಗಲವಿದೆ, ನರ ಕೆನ್ನೆಯ ಕಡೆಗಿದೆಯೋ ನಾಲಿಗೆಯ ಕಡೆಗಿದೆಯೋ ಎಂಬುದು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. "ಇದೊಂದೇ ಹಲ್ಲಿಗೆ ಸ್ಕ್ಯಾನ್ ಯಾಕೆ?" ಎಂದಿದ್ದರು ಇಂಪ್ಲಾಂಟ್ ಹಾಕಿದ ವೈದ್ಯರು.

ಕೆಳದವಡೆಗೆ ಕೊಡುವ ಸಾಮಾನ್ಯ ಅರಿವಳಿಕೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ನನ್ನದು ಮರುದಿನ ಬೆಳಿಗ್ಗೆಯೂ ಇಳಿದಿರಲಿಲ್ಲ. ಫೋನ್ ಮಾಡಿದರೆ, ಊತ ಕಡಿಮೆಯಾದಂತೆ ಸರಿಹೋಗುತ್ತದೆ ಎಂಬ ಉತ್ತರ ಬಂತು. ಆ ಉತ್ತರದ ಮೇಲೆ ನನಗೆ ಈಗಲೂ ಸಿಟ್ಟಿದೆ. ಇಂಪ್ಲಾಂಟ್ ನರವನ್ನು ಒತ್ತುತ್ತಿದ್ದರೆ ಮೊದಲ ಒಂದೆರಡು ದಿನಗಳೊಳಗೆ, ಸಾಧ್ಯವಾದರೆ 36 ಗಂಟೆಯೊಳಗೆ, ಅದನ್ನು ತೆಗೆದುಬಿಟ್ಟರೆ ಸ್ಪರ್ಶ ಮರಳುವ ಸಾಧ್ಯತೆ ಹೆಚ್ಚು. ಆ ಅವಧಿ ಊತ ಇಳಿಯಲೆಂದು ಕಾಯುವುದರಲ್ಲೇ ಕಳೆದುಹೋಯಿತು.

ಆಮೇಲೆ ಬೇರೊಬ್ಬ ಮುಖ-ದವಡೆ ಶಸ್ತ್ರಚಿಕಿತ್ಸಕರ ಬಳಿ ಹೋದೆ. ಅವರು ನನಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತಿಯ ಎಳೆಯನ್ನು ಗದ್ದದ ಮೇಲೆ ಆಡಿಸಿದರು, ನಂತರ ಸೂಜಿಯ ತುದಿಯನ್ನು ಮೆಲ್ಲಗೆ ತಾಗಿಸಿದರು. ಗೊತ್ತಾದ ಕಡೆಗೂ ಗೊತ್ತಾಗದ ಕಡೆಗೂ ನಡುವೆ ಪೆನ್ನಿನಿಂದ ಚರ್ಮದ ಮೇಲೆ ಗೆರೆ ಎಳೆದು, ಕನ್ನಡಿ ಹಿಡಿದರು. ಬಾಯಿಯ ಮೂಲೆಯಿಂದ ಗದ್ದದ ನಡುವಿನವರೆಗೆ ಒಂದು ನಕ್ಷೆಯೇ ಇತ್ತು. ನಂತರ ತೆಗೆಸಿದ ಸ್ಕ್ಯಾನ್‌ನಲ್ಲಿ ಇಂಪ್ಲಾಂಟ್‌ನ ತುದಿ ಕಾಲುವೆಯೊಳಗೇ ಇಳಿದಿತ್ತು.

ಮರಗಟ್ಟುವುದೆಂದರೆ ನೋವಿಲ್ಲವೆಂದಲ್ಲ. ಟವೆಲ್ ತಾಗಿದರೆ ಗದ್ದ ಉರಿಯುತ್ತದೆ. ನೀರು ಕುಡಿಯುವಾಗ ತುಟಿಯ ಮೂಲೆಯಿಂದ ಹನಿ ಇಳಿದರೂ ಅಂಗಿ ಒದ್ದೆಯಾಗುವವರೆಗೆ ತಿಳಿಯುವುದಿಲ್ಲ. ಉಣ್ಣುವಾಗ ತುಟಿಯ ಒಳಭಾಗ ಹಲ್ಲಿಗೆ ಸಿಕ್ಕಿ ಗಾಯವಾಗುತ್ತದೆ.

ಆದ್ದರಿಂದ ಸ್ಕ್ಯಾನ್ ತೆಗೆಸಿ, ಅದನ್ನು ಪರದೆಯ ಮೇಲೆ ತೋರಿಸಲು ಹೇಳಿ. ನರ ಎಲ್ಲಿದೆ, ಎಷ್ಟು ಉದ್ದದ ಇಂಪ್ಲಾಂಟ್, ನಡುವೆ ಎಷ್ಟು ಅಂತರ ಉಳಿಯುತ್ತದೆ ಎಂದು ನೇರವಾಗಿ ಕೇಳಿ. ಬೆರಳಿಟ್ಟು ತೋರಿಸಲು ಒಪ್ಪದವರ ಬಳಿ ಮಾಡಿಸಿಕೊಳ್ಳಬೇಡಿ. ಹಲ್ಲು ಕಿತ್ತ ಜಾಗದ ಮೂಳೆ ಮೊದಲ ವರ್ಷದಲ್ಲೇ ಬಹಳಷ್ಟು ಕರಗುವುದರಿಂದ ಹಳೆಯ ಎಕ್ಸ್‌ರೇ ನೋಡಿ ಲೆಕ್ಕ ಹಾಕುವುದೂ ಸರಿಯಲ್ಲ. ಮೇಲ್ದವಡೆಯಲ್ಲಾದರೆ ನರಕ್ಕಿಂತ ಸೈನಸ್‌ನ, ಅಂದರೆ ಹಲ್ಲುಗಳ ಮೇಲಿರುವ ಗಾಳಿ ತುಂಬಿದ ಟೊಳ್ಳಿನ, ಚಿಂತೆ ಹೆಚ್ಚು. ಅಲ್ಲಿ ಮೂಳೆ ತೆಳುವಾಗಿದ್ದರೆ ಮೊದಲು ಮೂಳೆ ತುಂಬಿಸಬೇಕಾದೀತು.

ಅವಸರಪಡಿಸುವವರನ್ನೂ ನಂಬಬೇಡಿ. ಇಂಪ್ಲಾಂಟ್‌ಗೆ ಸಾಮಾನ್ಯವಾಗಿ ಬಳಸುವ ಲೋಹವಾದ ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಕಂಡುಕೊಂಡರು. ಇಡೀ ಚಿಕಿತ್ಸೆ ನಿಂತಿರುವುದು ಆ ಬೆಸುಗೆಯ ಮೇಲೆ, ಅದಕ್ಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಒಂದೇ ದಿನದಲ್ಲಿ ಹಲ್ಲು ಎನ್ನುವುದು ಕೆಲವರಿಗೆ ಮಾತ್ರ ಹೊಂದುವ ವಿಧಾನ, ಅಂದು ಹಾಕುವ ಕ್ಯಾಪ್ ಕೂಡ ಹೆಚ್ಚಾಗಿ ತಾತ್ಕಾಲಿಕ.

ಮೂಳೆ ಸವೆತಕ್ಕೆ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಸಿಡ್ ಅಥವಾ ಡೆನೊಸುಮಾಬ್ ತೆಗೆದುಕೊಳ್ಳುತ್ತಿರುವವರು, ಹಿಂದೆ ತೆಗೆದುಕೊಂಡಿದ್ದವರು ಅದನ್ನು ಹೇಳಲೇಬೇಕು. ಇವುಗಳಿಂದ ದವಡೆಯ ಮೂಳೆ ಮಾಯದೆ ಸಾಯುವ ಅಪಾಯವಿದೆ. ಹಾಗೆಂದು ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ಹತೋಟಿಯಲ್ಲಿಲ್ಲದ ಮಧುಮೇಹ, ಧೂಮಪಾನ, ಒಸಡಿನ ಕಾಯಿಲೆ ಇದ್ದರೆ ಅದನ್ನು ಮೊದಲು ನೋಡಿಕೊಳ್ಳಬೇಕು. ಇಂಪ್ಲಾಂಟ್ ಸುತ್ತ ಸೋಂಕು ಹತ್ತಿದರೆ ಅದನ್ನು ಹಿಡಿದಿರುವ ಮೂಳೆಯೇ ಕರಗತೊಡಗುತ್ತದೆ.

ಕೊನೆಗೆ ಕಾಗದಪತ್ರ. ಇಂಪ್ಲಾಂಟ್‌ನ ಪೊಟ್ಟಣದ ಮೇಲೆ ಕಂಪನಿ, ಅಳತೆ, ಲಾಟ್ ಸಂಖ್ಯೆ (ಯಾವ ತಯಾರಿಕಾ ತಂಡದ್ದೆಂದು ಗುರುತಿಸುವ ಸಂಖ್ಯೆ) ಇರುವ ಚೀಟಿ ಇರುತ್ತದೆ. ಅದನ್ನು ಅಂದೇ ಕೇಳಿ ಪಡೆಯಿರಿ, ಸ್ಕ್ಯಾನ್‌ನ ಪ್ರತಿಯನ್ನೂ ಇಟ್ಟುಕೊಳ್ಳಿ. ಒಂದು ಕಂಪನಿಯ ಸ್ಕ್ರೂ ಬಿಚ್ಚುವ ಉಪಕರಣ ಇನ್ನೊಂದಕ್ಕೆ ಹೊಂದದೇ ಇರಬಹುದು. ನನ್ನ ಎರಡನೆಯ ವೈದ್ಯರು ಬಾಯೊಳಗಿದ್ದುದು ಯಾವ ಕಂಪನಿಯದೆಂದು ತಿಳಿಯಲು ಎಕ್ಸ್‌ರೇಯಲ್ಲಿ ಅದರ ಆಕಾರವನ್ನು ಹೋಲಿಸಿ ನೋಡಬೇಕಾಯಿತು, ಏಕೆಂದರೆ ಮೊದಲಿನವರು ಆ ಚೀಟಿಯನ್ನು ನನಗೆ ಕೊಟ್ಟಿರಲೇ ಇಲ್ಲ.